ನಮ್ಮ ಕನ್ನಡದ ಹೆಚ್‌ಆರ್ ಬಂಧುಗಳೇ, ರಿಲೀವಿಂಗ್ ಲೆಟರನ್ನು ಒತ್ತೆ ಇಟ್ಟುಕೊಳ್ಳಬೇಡಿ

ಪುಣೆಯ ಐಟಿ ಕಂಪನಿಗಳಲ್ಲಿ ಹೆಚ್‌ಆರ್ ಕೆಲಸ ನೋಡಿಕೊಳ್ಳುವ ಕನ್ನಡದ ಅಕ್ಕ ಅಣ್ಣಂದಿರಿಗೆ, ತಮ್ಮ ತಂಗಿಯರಿಗೆ,

ನಮಸ್ಕಾರ.

ಸರಿಯಾಗಿ ನೋಡಿದರೆ ಈ ಪತ್ರ ಮಹಾರಾಷ್ಟ್ರದ ಕಾರ್ಮಿಕ ಆಯುಕ್ತರಿಗೆ ಹೋಗಬೇಕು. ಅವರಿಗೂ ಮರಾಠಿಯಲ್ಲಿ ಒಂದು ಬರೆದು ಕೊಟ್ಟಿದ್ದೇನೆ. ನನ್ನ ಮರಾಠಿ ಓದಿ ಅವರು ನಗದಿದ್ದರೆ ಸಾಕು. ಆದರೆ ನನ್ನಂಥವರ ಫೈಲು ಬಿದ್ದಿರುವುದು ಅವರ ಟೇಬಲ್ ಮೇಲಲ್ಲ, ನಿಮ್ಮ ಟೇಬಲ್ ಮೇಲೆ. ಮತ್ತೆ ನೀವೇನು ದೂರದವರಲ್ಲ. ಇಲ್ಲಿಯ ಐಟಿ ಪ್ರದೇಶ ಹಿಂಜವಡಿಯ ಯಾವ ಕ್ಯಾಂಟೀನಿಗೆ ಹೋದರೂ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಯ ಮಾತು ಕಿವಿಗೆ ಬೀಳುತ್ತದೆ. ಶುಕ್ರವಾರ ರಾತ್ರಿ ವಾಕಡ್ ಸೇತುವೆ ಹತ್ತಿರ ಊರಿನ ಬಸ್ಸಿಗೆ ನಾವೂ ನೀವೂ ಒಟ್ಟಿಗೇ ಕಾಯುತ್ತೇವೆ. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಒಂದೇ ಸಾಲಿನಲ್ಲಿ ಕೂತು ಹೋಳಿಗೆ ತಿಂದಿದ್ದೇವೆ. ಹಾಗಾಗಿ ಇಂಗ್ಲಿಷ್ ಮೇಲ್‌ನಲ್ಲಿ ಹೇಳಲಾಗದ್ದನ್ನು ಕನ್ನಡದಲ್ಲಿ ಹೇಳಿದರೆ ಕೇಳಿಸಿಕೊಳ್ಳುತ್ತೀರಿ ಅಂತ ಒಂದು ಆಸೆ.

ಕೇಳುವುದು ಇಷ್ಟೇ. ಕೆಲಸ ಬಿಟ್ಟವರ ರಿಲೀವಿಂಗ್ ಲೆಟರ್, ಅಂದರೆ ಇವರನ್ನು ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಅಂತ ಕಂಪನಿ ಕೊಡುವ ಕಾಗದ, ತಡೆಹಿಡಿಯಬೇಡಿ. ಹೊಸದಾಗಿ ಸೇರುವವರ ಹತ್ತಿರ ಅದೊಂದೇ ಕಾಗದಕ್ಕೆ ಹಟ ಹಿಡಿಯಬೇಡಿ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದು ಅಂತ ನನ್ನ ಲೆಕ್ಕ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಟೆಸ್ಟಿಂಗ್‌ನಲ್ಲಿದ್ದವಳು, ಅಂದರೆ ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸ. ಹಿಂಜವಡಿ ಫೇಸ್ ಟೂನ ಒಂದು ಮಧ್ಯಮ ಗಾತ್ರದ ಕಂಪನಿ. ಹೆಸರು ಬೇಡ, ಹೆಸರು ಹೇಳಿದರೆ ಮಾತೆಲ್ಲ ಅದೊಂದೇ ಕಂಪನಿಯ ಸುತ್ತ ಸುತ್ತುತ್ತದೆ. ಆರು ವರ್ಷ ಇದ್ದೆ. ಮೊದಲ ನಾಲ್ಕು ವರ್ಷ ಚೆನ್ನಾಗಿಯೇ ಇತ್ತು. ಹೈಕ್ ಅಂದರೆ ಸಂಬಳ ಏರಿಕೆ ಬಂತು, ಗೆಳತಿಯರು ಸಿಕ್ಕರು, ಪುನಾವಳೆಯಲ್ಲಿ ಫ್ಲಾಟ್ ಬುಕ್ ಮಾಡುವಷ್ಟು ಧೈರ್ಯ ಬಂತು. ಆಮೇಲೆ ಹೊಸ ಕ್ಲೈಂಟ್ ಬಂದ, ಕ್ಲೈಂಟಿನ ಕೆಲಸ ಮುಗಿಸಿಕೊಡುವ ಹೊಣೆ ಹೊತ್ತ ಹೊಸ ಡೆಲಿವರಿ ಹೆಡ್ ಬಂದರು. ರಾತ್ರಿ ಹತ್ತೂವರೆಗೆ ರಿಲೀಸ್ ಕಾಲ್, ಅಂದರೆ ಹೊಸ ಸಾಫ್ಟ್‌ವೇರ್ ಹೊರಬಿಡುವ ಬಗ್ಗೆ ಆನ್‌ಲೈನ್ ಮೀಟಿಂಗ್, ಶುರುವಾಯಿತು. ಕ್ಯಾಮೆರಾ ಆನ್ ಇರಬೇಕು. ಆಫ್ ಮಾಡಿದವರ ಹೆಸರು ಹಿಡಿದು, ಎಲ್ಲರ ಮುಂದೆ, "ಸೋ ಗಯೀ ಕ್ಯಾ? ಶಾದಿ ಕೆ ಬಾದ್ ಭೀ ಐಸೇ ಹೀ ಸೋಯೇಗೀ?" (ಮಲಗಿಬಿಟ್ಟೆಯಾ? ಮದುವೆಯಾದ ಮೇಲೂ ಹೀಗೇ ಮಲಗುತ್ತೀಯಾ?) ಅಂತ ಆ ಹೆಡ್ ಕೇಳುತ್ತಿದ್ದರು. ಕಾಲ್‌ನಲ್ಲಿದ್ದವರು ನಗುತ್ತಿದ್ದರು. ನಗದೇ ಇದ್ದರೆ ಮುಂದಿನ ಸರದಿ ಅವರದು.

ಚಾಟ್‌ನಲ್ಲಿ ಹೆಸರಿನ ಪಕ್ಕ ಇರುವ ಹಸಿರು ಚುಕ್ಕೆ ಹಳದಿಯಾದರೆ ಐದು ನಿಮಿಷದಲ್ಲಿ ಫೋನು. ನಮ್ಮ ಟೀಮಿನ ಹುಡುಗ ಒಬ್ಬ ಅದಕ್ಕೊಂದು ಉಪಾಯ ಕಂಡುಕೊಂಡಿದ್ದ. ಮುಳ್ಳಿನ ಕೈಗಡಿಯಾರವನ್ನು ಟೇಬಲ್ ಮೇಲೆ ಅಂಗಾತ ಮಲಗಿಸಿ, ಅದರ ಗಾಜಿನ ಮೇಲೆ ಮೌಸ್ ಇಟ್ಟು ಹೋಗುತ್ತಿದ್ದ. ಸೆಕೆಂಡ್ ಮುಳ್ಳು ಓಡಾಡಿದಾಗೆಲ್ಲ ಮೌಸಿನ ಬೆಳಕು ಅದನ್ನು ಹಿಡಿದು ಪರದೆಯ ಮೇಲೆ ಬಾಣ ಸ್ವಲ್ಪ ಅಲುಗುತ್ತಿತ್ತು. ಚುಕ್ಕೆ ಹಸಿರಾಗಿಯೇ ಇರುತ್ತಿತ್ತು. ಅವನು ಹೋಗುತ್ತಿದ್ದುದು ಸಿನಿಮಾಕ್ಕಲ್ಲ, ಸ್ನಾನಕ್ಕೆ. ಇಂಜಿನಿಯರಿಂಗ್ ಓದಿದವನ ಬುದ್ಧಿಯೆಲ್ಲ ನೆಮ್ಮದಿಯಾಗಿ ಒಂದು ಸ್ನಾನ ಮಾಡುವುದಕ್ಕೆ ಖರ್ಚಾಗುತ್ತಿತ್ತು ನೋಡಿ.

ಕಾಯಿದೆಯಲ್ಲಿ ಇದಕ್ಕೆಲ್ಲ ಮಿತಿ ಇಲ್ಲ ಅಂತೇನಿಲ್ಲ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅಂದಿತ್ತು. ಮೀರಿದರೆ ಎರಡು ಪಟ್ಟು ಸಂಬಳ. 2025ರ ಸೆಪ್ಟೆಂಬರಿನಲ್ಲಿ ದಿನದ ಮಿತಿಯನ್ನು 10 ಗಂಟೆಗೆ ಏರಿಸಲು ಸಚಿವ ಸಂಪುಟ ಒಪ್ಪಿತು. ಕೆಲಸದ ಹೊತ್ತು ಮುಗಿದ ಮೇಲೆ ಫೋನ್ ಎತ್ತದಿರುವ ಹಕ್ಕು ಬೇಕು ಅಂತ ಇದೇ ಪುಣೆ ಜಿಲ್ಲೆಯ ಬಾರಾಮತಿಯ ಸಂಸದೆ ಸುಪ್ರಿಯಾ ಸುಳೆ 2018ರಲ್ಲೂ 2025ರಲ್ಲೂ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದರು. ಖಾಸಗಿ ಮಸೂದೆಗಳ ಹಣೆಬರಹ ನಿಮಗೂ ಗೊತ್ತು. ಅಲ್ಲಿಯವರೆಗೆ ನಮಗೆ ಕೈಗಡಿಯಾರವೇ ಗತಿ.

ಅಪ್ಪನ ಕಣ್ಣಿನ ಪೊರೆ ಆಪರೇಷನ್‌ಗೆ ರಜೆ ಕೇಳಿದೆ. ಕೊಟ್ಟರು, ಆದರೆ ಲ್ಯಾಪ್‌ಟಾಪ್ ಜೊತೆಗಿರಲಿ ಅಂದರು. ವಿಜಯಪುರದ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಡಿಫೆಕ್ಟ್ ಲಾಗ್ ಮಾಡಿದ್ದೇನೆ, ಅಂದರೆ ಸಿಕ್ಕ ತಪ್ಪುಗಳನ್ನು ದಾಖಲಿಸಿದ್ದೇನೆ. ಮುಂದಿನ ಅಪ್ರೈಸಲ್‌ನಲ್ಲಿ, ಅಂದರೆ ಕೆಲಸದ ಮೌಲ್ಯಮಾಪನದಲ್ಲಿ, "ಕಮಿಟ್‌ಮೆಂಟ್ ಕಮ್ಮಿ" ಅಂತ ಬಂತು. ಅದಾಗಿ ಸ್ವಲ್ಪ ದಿನಕ್ಕೆ ಪಿಐಪಿ, ಅಂದರೆ ಇಷ್ಟು ದಿನದಲ್ಲಿ ಕೆಲಸ ಸುಧಾರಿಸಿಕೊಳ್ಳಿ ಅನ್ನುವ ಎಚ್ಚರಿಕೆ. ನಿದ್ದೆ ಹೋಯಿತು. ರಾಜೀನಾಮೆ ಕೊಡಲು ಡಾಕ್ಟರ್ ಹೇಳಲಿಲ್ಲ, ಅವರು ಹೇಳಿದ್ದು ವಿಶ್ರಾಂತಿ ಬೇಕು ಅಂತ. ರಾಜೀನಾಮೆಯ ನಿರ್ಧಾರ ನನ್ನದೇ.

ಇಲ್ಲಿಂದ ನಿಮ್ಮ ವಿಭಾಗದ ಪಾತ್ರ ಶುರುವಾಗುತ್ತದೆ.

ನನ್ನ ಆಫರ್ ಲೆಟರ್‌ನಲ್ಲಿ 90 ದಿನದ ನೋಟಿಸ್ ಇತ್ತು. ಪೂರ್ತಿ ಮಾಡಲಾಗದಿದ್ದರೆ ಉಳಿದ ದಿನದ ಮೂಲವೇತನ ಕಟ್ಟಿ ಹೋಗಬಹುದು ಅಂತಲೂ ಇತ್ತು. ನಾನು ಕಟ್ಟುತ್ತೇನೆ ಅಂದೆ. ಹೆಚ್‌ಆರ್ ಮೇಡಂ, "ಅದು ಮ್ಯಾನೇಜರ್ ಅಪ್ರೂವ್ ಮಾಡಿದರೆ ಮಾತ್ರ" ಅಂದರು. ಮ್ಯಾನೇಜರ್ ಮಾಡಲಿಲ್ಲ. "ನಿಮ್ಮ ರಾಜೀನಾಮೆಯನ್ನು ನಾವು ಒಪ್ಪಿಕೊಂಡಿಲ್ಲ" ಅಂತ ಮೇಲ್ ಬಂತು. ಡಾಕ್ಟರ್ ಚೀಟಿ ಕಳಿಸಿದೆ, ಲ್ಯಾಪ್‌ಟಾಪ್ ಕೈಯಾರೆ ಕೊಟ್ಟು ರಸೀದಿ ತಗೊಂಡು ಬಂದೆ. ಆದರೂ ಸಿಸ್ಟಮ್‌ನಲ್ಲಿ ನನ್ನ ಹೆಸರಿನ ಮುಂದೆ "ಅಬ್‌ಸ್ಕಾಂಡಿಂಗ್" ಅಂತ ಬಿತ್ತು. ದಿನಾ ಮೇಲ್‌ಗೆ ಉತ್ತರ ಕೊಡುತ್ತಿರುವವಳು ಪರಾರಿ ಹೇಗಾದೆ ಅಂತ ಕೇಳಿದೆ. "ಸಿಸ್ಟಮ್‌ನಲ್ಲಿ ಬೇರೆ ಆಪ್ಷನ್ ಇಲ್ಲ ಮ್ಯಾಮ್" ಅಂದರು. ಹಾಗೆ ಹೇಳಿದ ಹುಡುಗಿ ಧಾರವಾಡದವಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳೂ ಇಎಂಐ ಕಟ್ಟುವವಳೇ.

ಬಿಟ್ಟು ಹೋಗುವವರನ್ನು ಕೂರಿಸಿಕೊಂಡು ಎಕ್ಸಿಟ್ ಇಂಟರ್‌ವ್ಯೂ ಅಂತ ಒಂದು ಮಾಡುತ್ತೀರಲ್ಲ, ಅದರ ಬಗ್ಗೆಯೂ ಒಂದು ಮಾತು. ಗುಟ್ಟಾಗಿ ಇಡುತ್ತೇವೆ, ಮನಸ್ಸು ಬಿಚ್ಚಿ ಹೇಳಿ ಅಂತೀರಿ. ನಾನು ಬಿಚ್ಚಿ ಹೇಳಿದೆ, ಕಾಲ್‌ನಲ್ಲಿ ಕೇಳಿಸಿಕೊಂಡ ಮಾತನ್ನೂ ಸೇರಿಸಿ. ಮಾರನೇ ದಿನವೇ ಅದು ಡೆಲಿವರಿ ಹೆಡ್ ಕಿವಿ ಮುಟ್ಟಿತ್ತು. ಅಲ್ಲಿಂದ ನನ್ನ ಕ್ಲಿಯರೆನ್ಸ್, ಅಂದರೆ ಕಂಪನಿಗೆ ನನ್ನಿಂದ ಏನೂ ಬಾಕಿ ಇಲ್ಲ ಅನ್ನುವ ಒಪ್ಪಿಗೆ, ನಿಂತೇ ಹೋಯಿತು. ಮೊದಲು ಚಾರ್ಜರಿನ ಸೀರಿಯಲ್ ನಂಬರ್ ಹೊಂದುತ್ತಿಲ್ಲ ಅಂದರು. ಅದು ಹೊಂದಿದ ಮೇಲೆ ಹೆಡ್‌ಸೆಟ್‌ನ ಎಡಗಿವಿಯ ಸ್ಪಂಜು ಇಲ್ಲ ಅಂದರು. ಇರಲಿಲ್ಲ, ನಿಜ. ಎರಡು ವರ್ಷ ರಾತ್ರಿಯೆಲ್ಲ ಕಿವಿಗೆ ಒತ್ತಿಕೊಂಡು ಕೂತರೆ ಸ್ಪಂಜು ಪುಡಿಪುಡಿಯಾಗಿ ಉದುರದೆ ಇನ್ನೇನಾಗುತ್ತದೆ? ಆನ್‌ಲೈನ್‌ನಲ್ಲಿ ಒಂದು ಜೋಡಿ ಸ್ಪಂಜು ತರಿಸಿ ಕಳಿಸಿದೆ. "ಕಂಪನಿಯ ಒರಿಜಿನಲ್ ಅಲ್ಲ" ಅಂತ ವಾಪಸ್ ಬಂತು. ನನ್ನ ಆರು ವರ್ಷದ ಅನುಭವ ಆ ಒಂದು ಸ್ಪಂಜಿನ ಕೆಳಗೆ ಸಿಕ್ಕಿಹಾಕಿಕೊಂಡಿತ್ತು.

ಪುಣೆಯದೇ ಖರಾಡಿಯ ಒಂದು ಕಂಪನಿ ಆಫರ್ ಕೊಟ್ಟಿತ್ತು. ಅವರ ಬಿಜಿವಿಯವರು, ಅಂದರೆ ಸೇರುವವರ ಹಿನ್ನೆಲೆ ಪರಿಶೀಲಿಸುವವರು, ರಿಲೀವಿಂಗ್ ಲೆಟರ್ ಕೇಳಿದರು. ಬರುತ್ತೆ ಅಂದೆ. ಕಾದರು, ಪಾಪ, ಸಾಕಷ್ಟೇ ಕಾದರು. ಆಮೇಲೆ ಅವರೇ ಹಳೇ ಕಂಪನಿಗೆ ಫೋನ್ ಮಾಡಿದರು. ಫಾರ್ಮ್‌ನಲ್ಲಿ "ಮತ್ತೆ ಕೆಲಸಕ್ಕೆ ತಗೊಳ್ಳುತ್ತೀರಾ" ಅನ್ನುವ ಕಾಲಂ ಇರುತ್ತದಲ್ಲ, ಅಲ್ಲಿ "ಇಲ್ಲ" ಅಂತ ಬಿದ್ದಿತು. ಕಾರಣ ಬರೆಯುವ ಜಾಗ ಖಾಲಿ. ಕಾರಣ ಬರೆದಿದ್ದರೆ ನಾನು ಜಗಳವಾದರೂ ಆಡಬಹುದಿತ್ತು. ಆಫರ್ ವಾಪಸ್ ಹೋಯಿತು.

ಕೆಲಸ ಬಿಟ್ಟ ಮೇಲೆ ಎಲ್ಲ ಸರಿಹೋಗುತ್ತದೆ ಅಂತ ಜನ ಹೇಳುತ್ತಾರೆ. ದೇಹಕ್ಕೆ ಅದು ಗೊತ್ತಾಗುವುದು ತಡ. ಬಾನೇರ್‌ನ ಕಾಫಿ ಅಂಗಡಿಯಲ್ಲಿ ಪಕ್ಕದ ಟೇಬಲಿನವರ ಲ್ಯಾಪ್‌ಟಾಪ್‌ನಲ್ಲಿ ಅದೇ ಕಾಲ್ ಟ್ಯೂನ್ ಬಂದರೆ ನನ್ನ ಕೈ ತಣ್ಣಗಾಗುತ್ತಿತ್ತು. ರಾತ್ರಿ ಹತ್ತೂವರೆಗೆ ಸುಮ್ನೆ ಎದ್ದು ಕೂರುತ್ತಿದ್ದೆ. ಊರಿಂದ ಕಾಕಾ ಫೋನ್ ಮಾಡಿ "ಏನವ್ವಾ, ತೆಗದ್ ಹಾಕಿದ್ರಂತ?" ಅಂದರು. ನಾನೇ ಬಿಟ್ಟೆ ಅಂದರೆ ನಂಬಲಿಲ್ಲ. ಲೆಟರ್ ಇಲ್ಲ ಅಂದ ಮೇಲೆ ಅವರು ನಂಬುವುದಾದರೂ ಹೇಗೆ? ಅವ್ವ ಮಾತ್ರ ಏನೂ ಕೇಳಲಿಲ್ಲ. ದಿನಾ "ಉಂಡಿಯೇನ?" ಅಂತ ಅಷ್ಟೇ. ಫ್ಲಾಟಿನ ಕಂತು ಅಣ್ಣ ಕಟ್ಟಿದ. ಅತ್ತಿಗೆಗೆ ಇಷ್ಟವಿರಲಿಲ್ಲ ಅಂತ ಗೊತ್ತು, ಅವರ ಜಾಗದಲ್ಲಿದ್ದರೆ ನನಗೂ ಇರುತ್ತಿರಲಿಲ್ಲ.

2024ರ ಜುಲೈಯಲ್ಲಿ ಪುಣೆಯ ಒಂದು ದೊಡ್ಡ ಸಂಸ್ಥೆಯಲ್ಲಿ ಕೆಲಸಕ್ಕಿದ್ದ 26 ವರ್ಷದ ಚಾರ್ಟರ್ಡ್ ಅಕೌಂಟೆಂಟ್ ಹುಡುಗಿ ತೀರಿಕೊಂಡಳು. ಸೇರಿ ನಾಲ್ಕು ತಿಂಗಳಾಗಿತ್ತು. ಅವಳ ತಾಯಿ ಸಂಸ್ಥೆಯ ಮುಖ್ಯಸ್ಥರಿಗೆ ಬರೆದ ಪತ್ರ ಸೆಪ್ಟೆಂಬರಿನಲ್ಲಿ ದೇಶವೆಲ್ಲ ಓದಿತು. ಕೆಲಸದ ಹೊರೆಯೇ ಕಾರಣ ಅಂತ ತಾಯಿ ಬರೆದಿದ್ದರು, ಸಂಸ್ಥೆ ಒಪ್ಪಲಿಲ್ಲ. ಆ ವಾದಕ್ಕೆ ನಾನು ಹೋಗುವುದಿಲ್ಲ. ಆಮೇಲೆ ಕಾರ್ಮಿಕ ಇಲಾಖೆಯವರು ಹೋಗಿ ನೋಡಿದರೆ ಆ ಕಚೇರಿ 2007ರಿಂದ ಅಂಗಡಿ-ಸಂಸ್ಥೆಗಳ ಕಾಯಿದೆಯಡಿ ನೋಂದಣಿಯೇ ಇಲ್ಲದೆ ನಡೆದಿತ್ತು. ಅದನ್ನೂ ಪಕ್ಕಕ್ಕಿಡೋಣ. ಆ ದಿನಗಳಲ್ಲಿ ನಮ್ಮ ಕ್ಯಾಂಟೀನ್‌ನಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ, ಸೊಸೈಟಿಯ ಬೆಂಚಿನ ಮೇಲೆ, ಎಲ್ಲ ಕಡೆ ಒಂದೇ ಮಾತು: ಅಷ್ಟು ಕಷ್ಟ ಇದ್ದರೆ ಬಿಟ್ಟು ಬರಬಾರದಿತ್ತಾ?

ಆ ಪ್ರಶ್ನೆಗೆ ಉತ್ತರ ನಿಮ್ಮ ಡ್ರಾಯರ್‌ನಲ್ಲಿದೆ. ಅವಳ ವಿಷಯ ನನಗೆ ಗೊತ್ತಿಲ್ಲ, ನನ್ನ ಸುತ್ತಮುತ್ತಲಿನವರ ವಿಷಯ ಗೊತ್ತು. ಬಿಟ್ಟು ಬರಲು ಜನ ಹೆದರುವುದು ಸಂಬಳ ನಿಲ್ಲುತ್ತದೆ ಅಂತ ಮಾತ್ರ ಅಲ್ಲ. ಒಂದೆರಡು ತಿಂಗಳ ಸಂಬಳ ಇಲ್ಲದೆ ಹೇಗೋ ಸಂಭಾಳಿಸಬಹುದು. ಕಾಗದ ಇಲ್ಲದಿದ್ದರೆ ಮುಂದಿನ ಬಾಗಿಲೇ ತೆರೆಯುವುದಿಲ್ಲ ಅಂತ ಹೆದರುತ್ತಾರೆ. ಹಾಗಾಗಿ ಇನ್ನೊಂದು ರಿಲೀಸ್, ಇನ್ನೊಂದು ಮೂರು ತಿಂಗಳು ಅಂತ ಹಲ್ಲು ಕಚ್ಚಿಕೊಂಡು ಕೂರುತ್ತಾರೆ.

ಈಗ ಕಾಯಿದೆ ಏನು ಹೇಳುತ್ತದೆ ನೋಡೋಣ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರಲ್ಲಿ 2019ರ ವೇತನ ಸಂಹಿತೆಯ 17ನೇ ಕಲಮಿನ ಪ್ರಕಾರ, ತೆಗೆದುಹಾಕಿದರೂ ಸರಿ, ತಾನಾಗಿ ರಾಜೀನಾಮೆ ಕೊಟ್ಟರೂ ಸರಿ, ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೈಸೇರಬೇಕು. ನಮ್ಮ ಎಫ್ ಅಂಡ್ ಎಫ್, ಅಂದರೆ ಬಿಟ್ಟವರ ಕೊನೆಯ ಲೆಕ್ಕ ಚುಕ್ತಾ ಮಾಡುವುದನ್ನು, 45 ದಿನ, 60 ದಿನ ಅಂತ ಎಳೆಯುವುದು ರೂಢಿ ಅಷ್ಟೇ, ಕಾಯಿದೆಯಲ್ಲ. ಇನ್ನೊಂದು ಒಳ್ಳೆಯದಿದೆ. ಈ ಸಂಹಿತೆಯಲ್ಲಿ ನೌಕರ ಅಂದರೆ ಮ್ಯಾನೇಜರ್, ಸೂಪರ್‌ವೈಸರ್ ಕೂಡ ಸೇರುತ್ತಾರೆ. ಹೆಡ್‌ಸೆಟ್ ಹಾಳಾಗಿದ್ದರೆ ಸಂಬಳದಲ್ಲಿ ಹಿಡಿಯಲಿಕ್ಕೂ ದಾರಿ ಇದೆ. ನಷ್ಟವಾದಷ್ಟೇ ಹಿಡಿಯಬೇಕು, ಹಿಡಿಯುವ ಮುಂಚೆ ನೌಕರನ ಮಾತು ಕೇಳಬೇಕು. ಅಂದರೆ ಹಣದ ಜಗಳಕ್ಕೆ ಹಣದಲ್ಲೇ ಪರಿಹಾರ ಇದೆ. ಐದು ವರ್ಷ ಮುಗಿಸಿದವರ ಗ್ರಾಚ್ಯುಟಿಗೂ 30 ದಿನದ ಗಡುವು ಇದೆ.

ಲೆಟರಿಗೆ ಮಾತ್ರ ಇಂಥ ಗಡುವು ಆ ಕಲಮಿನಲ್ಲಿ ಇಲ್ಲ.

ನನ್ನ ಅಜ್ಜ ಸೋಲಾಪುರದ ಗಿರಣಿಯಲ್ಲಿ ನೇಯುವ ಕೆಲಸಕ್ಕಿದ್ದರು. ನಿವೃತ್ತರಾದಾಗ ಗಿರಣಿ ಕೊಟ್ಟ ಸರ್ಟಿಫಿಕೇಟು ಊರಿನ ಟ್ರಂಕಿನಲ್ಲಿ ಈಗಲೂ ಇದೆ. ಹೆಸರು, ಕಾರ್ಮಿಕನ ಟಿಕೆಟ್ ನಂಬರು, ಗಿರಣಿಯ ಯಾವ ವಿಭಾಗ, ಯಾವಾಗಿನಿಂದ ಯಾವಾಗಿನವರೆಗೆ, ಕೆಳಗೊಂದು ಸಹಿ. ಅದಕ್ಕೆ ಅಜ್ಜ ಯಾರ ಕಾಲೂ ಹಿಡಿದಿರಲಿಲ್ಲ. 1946ರ ಕೇಂದ್ರದ ಮಾದರಿ ಸ್ಥಾಯಿ ಆದೇಶಗಳಲ್ಲೇ, ಅಂದರೆ ಕಾರ್ಮಿಕರ ಕೆಲಸದ ಷರತ್ತುಗಳ ನಿಯಮಾವಳಿಯಲ್ಲೇ, ಕಾಯಂ ಕಾರ್ಮಿಕ ಕೆಲಸದಿಂದ ಹೊರಬೀಳುವಾಗ ಸೇವಾ ಪ್ರಮಾಣಪತ್ರ ಅವನ ಹಕ್ಕು ಅಂತ ಬರೆದಿತ್ತು. ವಜಾ ಆದವನಿಗೂ ಸಹ. ನೇಕಾರನಿಗೆ ಸಿಕ್ಕಿದ್ದು ಮೊಮ್ಮಗಳಿಗೆ ಸಿಗಲಿಲ್ಲ ನೋಡಿ, ಬಿಇ ಮಾಡಿದ್ದು ಬಂತು.

ಕಾರ್ಮಿಕ ಇಲಾಖೆಗೂ ಹೋಗಿದ್ದೆ. ಗುಮಾಸ್ತರು ಒಳ್ಳೆಯವರು. ಕೂರಿಸಿ, ಕಾಗದ ಎಲ್ಲ ತಿರುವಿ ನೋಡಿ, "ಮ್ಯಾಡಮ್, ತುಮ್ಹೀ ತರ್ ಮ್ಯಾನೇಜರ್ ಆಹಾತ್" (ನೀವು ಮ್ಯಾನೇಜರ್ ಅಲ್ಲವೇ) ಅಂದರು. ನನ್ನ ಹುದ್ದೆಯ ಹೆಸರು ಅಸೋಸಿಯೇಟ್ ಮ್ಯಾನೇಜರ್. ನನ್ನ ಕೈಕೆಳಗೆ ಒಬ್ಬರೂ ಇರಲಿಲ್ಲ. ರಜೆ ಮಂಜೂರು ಮಾಡುವ ಅಧಿಕಾರ ನನ್ನದೇ ರಜೆಗೂ ಇರಲಿಲ್ಲ. ಹೆಸರಿನಲ್ಲಿ ಮ್ಯಾನೇಜರ್ ಅಂತ ಅಂಟಿಸಿದ್ದು ಹೈಕ್ ಕೊಡುವ ಬದಲಿಗೆ. ಅದೇ ಈಗ ಅಡ್ಡ ಬಂತು. 2017ರ ಕಾಯಿದೆ ಮ್ಯಾನೇಜರ್ ದರ್ಜೆಯವರನ್ನು ಹೊರಗಿಡುತ್ತದೆ, ನಿಜ. ಆದರೆ ಹಾಗೆ ಹೊರಗಿಟ್ಟವರ ಪಟ್ಟಿಯನ್ನು ಕಂಪನಿ ತನ್ನ ವೆಬ್‌ಸೈಟ್‌ನಲ್ಲಿ ಹಾಕಬೇಕು ಅಂತಲೂ ಅದೇ ಕಾಯಿದೆ ಹೇಳುತ್ತದೆ. ನಿಮ್ಮ ಕಂಪನಿಯಲ್ಲಿ ಆ ಪಟ್ಟಿ ಎಲ್ಲಿದೆ? ಪುಣೆಯವರು ಗೇಟಿಗೆ, ಬೆಲ್ಲಿಗೆ, ಚಪ್ಪಲಿ ಬಿಡುವ ಜಾಗಕ್ಕೂ ಪಾಟಿ, ಅಂದರೆ ಸೂಚನಾ ಫಲಕ, ಬರೆದು ಹಾಕುವವರು. ಇದೊಂದು ಪಾಟಿ ಮಾತ್ರ ನನ್ನ ಕಣ್ಣಿಗೆ ಎಲ್ಲೂ ಬಿದ್ದಿಲ್ಲ.

ಇಲ್ಲಿವರೆಗೆ ಹೇಳಿದ್ದು ನನ್ನ ಗೋಳು. ಈಗ ನಿಮ್ಮ ವಿಷಯ.

ಒತ್ತೆ ಇಟ್ಟ ವಸ್ತುವಿಗೆ ಬೆಲೆ ಬರುವುದು ಅದು ಬೇಕು ಅನ್ನುವವನು ಇದ್ದಾಗ. ಹಿಂಜವಡಿಯ ಹೆಚ್‌ಆರ್ ಒಂದು ಕಾಗದ ಹಿಡಿದಿಟ್ಟುಕೊಂಡರೆ ಅದಕ್ಕೆ ಶಕ್ತಿ ಕೊಡುವವರು ಯಾರು? ಆ ಕಾಗದ ಇಲ್ಲದೆ ಒಳಗೆ ಬಿಡುವುದಿಲ್ಲ ಅನ್ನುವ ಖರಾಡಿಯ ಹೆಚ್‌ಆರ್. ನಾಳೆ ಖರಾಡಿಯವರು ತಡೆಹಿಡಿದರೆ ಅದಕ್ಕೆ ಶಕ್ತಿ ಬರುವುದು ಮಗರಪಟ್ಟಾದವರಿಂದ. ನೀವು ಒಬ್ಬರಿಗೊಬ್ಬರು ಗೊತ್ತಿಲ್ಲದೆಯೇ ಒಬ್ಬರ ಕೋಲನ್ನು ಇನ್ನೊಬ್ಬರು ಗಟ್ಟಿ ಮಾಡಿಕೊಡುತ್ತಿದ್ದೀರಿ. ಕೆಟ್ಟ ಮ್ಯಾನೇಜರ್ ಒಬ್ಬನೇ ನನ್ನನ್ನು ಇಷ್ಟು ಕಾಡಲು ಆಗುತ್ತಿರಲಿಲ್ಲ. ಅವನು ಯಾರೆಂದೇ ತಿಳಿಯದ, ನನ್ನ ಇಂಟರ್‌ವ್ಯೂ ಮೆಚ್ಚಿದ, ಒಳ್ಳೆಯ ಮನಸ್ಸಿನ ಖರಾಡಿಯ ಹೆಚ್‌ಆರ್ ಸೇರಿಕೊಂಡಿದ್ದಕ್ಕೆ ಆಯಿತು.

ನಿಮಗೆ ಆ ಲೆಟರ್‌ನಿಂದ ನಿಜವಾಗಿ ಬೇಕಾಗಿರುವುದು ಏನು? ಈ ವ್ಯಕ್ತಿ ಅಲ್ಲಿ ಕೆಲಸ ಮಾಡಿದ್ದು ಹೌದೇ, ಯಾವಾಗಿನಿಂದ ಯಾವಾಗಿನವರೆಗೆ, ಈಗ ಬಿಟ್ಟಿರುವುದು ಹೌದೇ. ಎರಡು ಕಡೆ ಕೆಲಸ ಮಾಡುತ್ತಿಲ್ಲ ತಾನೇ. ಇದೆಲ್ಲ ಪಿಎಫ್‌ನ (ಭವಿಷ್ಯ ನಿಧಿಯ) ಯುಎಎನ್ ಖಾತೆಯ ಸರ್ವಿಸ್ ಹಿಸ್ಟರಿಯಲ್ಲಿ, ಅಂದರೆ ಸೇವೆಯ ದಾಖಲೆಯಲ್ಲಿ, ಇದೆ. ಯಾವ ಸಂಸ್ಥೆ, ಸೇರಿದ ದಿನ, ಬಿಟ್ಟ ದಿನ. ಪಾಸ್‌ಬುಕ್‌ನಲ್ಲಿ ತಿಂಗಳು ತಿಂಗಳ ಕಂತು ಕಾಣುತ್ತದೆ. ಸಂಬಳದಲ್ಲಿ ತೆರಿಗೆ ಹಿಡಿದ ಲೆಕ್ಕದ ಫಾರ್ಮ್ 16 ಇದೆ, ಸಂಬಳ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್ ಇದೆ, ರಾಜೀನಾಮೆಯ ಮೇಲ್ ಇದೆ. ಲೆಟರ್‌ಹೆಡ್ ಅನ್ನು ಫೋಟೋಶಾಪ್‌ನಲ್ಲಿ ಯಾರು ಬೇಕಾದರೂ ಮಾಡುತ್ತಾರೆ, ಹಾಗೆ ಮಾಡಿ ಸಿಕ್ಕಿಬಿದ್ದವರ ಕತೆ ನನಗಿಂತ ನಿಮಗೇ ಜಾಸ್ತಿ ಗೊತ್ತು. ಪಿಎಫ್ ದಾಖಲೆಯನ್ನು ಹಾಗೆ ಮಾಡಲಾಗುವುದಿಲ್ಲ. ಸುಳ್ಳು ಹೇಳುವವರನ್ನು ಹಿಡಿಯಲು ಯಾವುದು ವಾಸಿ, ನೀವೇ ಹೇಳಿ.

ಹಳೇ ಕಂಪನಿ ಪಿಎಫ್‌ನಲ್ಲಿ ಬಿಟ್ಟ ದಿನ ಹಾಕದೆ ಸತಾಯಿಸಿದರೂ ದಾರಿ ಇದೆ. ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ನೌಕರರೇ ಪೋರ್ಟಲ್‌ಗೆ ಹೋಗಿ, ಆಧಾರ್ ಒಟಿಪಿ ಹಾಕಿ, ಬಿಟ್ಟ ದಿನ ನಮೂದಿಸಬಹುದು. ನಾನು ಹಾಗೇ ಮಾಡಿದೆ. ಯಾರ ಸಹಿಯೂ ಬೇಕಾಗಲಿಲ್ಲ. ಅವತ್ತು ಅನಿಸಿದ್ದು, ಸರ್ಕಾರದ ಪೋರ್ಟಲ್ ಒಂದು ಮನುಷ್ಯರಿಗಿಂತ ಮರ್ಯಾದೆಯಿಂದ ನಡೆದುಕೊಂಡಿತಲ್ಲ ಅಂತ. ಈಗ ನಾನಿರುವ ಸಣ್ಣ ಕಂಪನಿ ಇದೇ ದಾಖಲೆ ನೋಡಿ ನನ್ನನ್ನು ಸೇರಿಸಿಕೊಂಡಿತು. ಅಲ್ಲಿಯ ಹೆಚ್‌ಆರ್ ಕೊಲ್ಹಾಪುರದ ಒಬ್ಬ ಕಾಕಾ. ಲೆಟರ್ ಇಲ್ಲ ಅಂದೆ. ಸರ್ವಿಸ್ ಹಿಸ್ಟರಿ ಪ್ರಿಂಟ್ ಮೇಲೆ ಸೀಲ್ ಒತ್ತಿ, "ಚಹಾ ಘೇಣಾರ್?" (ಚಹಾ ಕುಡೀತೀರಾ?) ಅಂದರು. ಅಷ್ಟೇ ಆಗಿದ್ದು. ಸಂಬಳ ಮೊದಲಿಗಿಂತ ಕಡಿಮೆ, ರಾತ್ರಿ ಊಟ ಹೊತ್ತಿಗೆ ಸರಿಯಾಗಿ ಆಗುತ್ತದೆ.

ನೀವು ಹೇಳಬಹುದು, "ಅಯ್ಯೋ, ನಾವು ಮೇಲಿನವರು ಹೇಳಿದ್ದು ಮಾಡುವವರು, ನಮ್ಮ ಕೈಯಲ್ಲೇನಿದೆ" ಅಂತ. ಸ್ವಲ್ಪ ಇದೆ. ಸೇರಿಸಿಕೊಳ್ಳುವ ಕಡೆಯ ಚೆಕ್‌ಲಿಸ್ಟ್ ಬರೆಯುವವರು ನೀವೇ, ಅದನ್ನು ಡೆಲಿವರಿ ಹೆಡ್ ಬರೆಯುವುದಿಲ್ಲ. ಅದರಲ್ಲಿ "ರಿಲೀವಿಂಗ್ ಲೆಟರ್" ಅಂತಿರುವ ಕಡೆ "ಅಥವಾ ಪಿಎಫ್ ಸರ್ವಿಸ್ ಹಿಸ್ಟರಿ" ಅಂತ ಸೇರಿಸಲು ಯಾರ ಅಪ್ಪಣೆ ಬೇಕು? ಬಿಜಿವಿ ಏಜೆನ್ಸಿಯವರು ಫೋನ್ ಮಾಡಿದಾಗ ತಾರೀಕು, ಹುದ್ದೆ ಹೇಳಿ ಮುಗಿಸಿ. "ಮತ್ತೆ ತಗೊಳ್ಳುತ್ತೀರಾ" ಅನ್ನುವುದಕ್ಕೆ ಕಾರಣ ಬರೆಯುವ ಧೈರ್ಯ ಇಲ್ಲದಿದ್ದರೆ "ಇಲ್ಲ" ಅನ್ನಲೂಬೇಡಿ. ಮತ್ತೆ ಸಿಸ್ಟಮ್‌ನಲ್ಲಿ "ಅಬ್‌ಸ್ಕಾಂಡಿಂಗ್" ಬಿಟ್ಟು ಬೇರೆ ಆಪ್ಷನ್ ಇಲ್ಲದಿದ್ದರೆ ಅದನ್ನು ಸರಿಮಾಡಿ ಅಂತ ಸಿಸ್ಟಮ್ ನೋಡಿಕೊಳ್ಳುವವರಿಗೆ ಒಂದು ಟಿಕೆಟ್ ಎತ್ತಿ. ಡ್ರಾಪ್‌ಡೌನ್‌ನಲ್ಲಿ ಇನ್ನೊಂದು ಸಾಲು ಸೇರಿಸಲು ಎಷ್ಟು ಹೊತ್ತು ಬೇಕು ಅಂತ ಟೆಸ್ಟಿಂಗ್‌ನವಳಿಗೆ ಗೊತ್ತು.

ನೋಟಿಸ್ ಅರ್ಧಕ್ಕೆ ಬಿಟ್ಟು ಹೋದವರಿಂದ ಕಂಪನಿಗೆ ತೊಂದರೆ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಆಗುತ್ತದೆ. ಒಪ್ಪಂದದಲ್ಲಿ ಬರೆದಷ್ಟು ಹಣ ಕೇಳಿ, ಕೊಡದಿದ್ದರೆ ದಾವೆ ಹಾಕಿ. ಇಷ್ಟವಿಲ್ಲದವನನ್ನು ಕೆಲಸಕ್ಕೆ ಕೂರಿಸಲು ಕೋರ್ಟ್ ಕೂಡ ಆದೇಶ ಕೊಡುವುದಿಲ್ಲ, ಹಣದ ಪರಿಹಾರ ಮಾತ್ರ. ಕೋರ್ಟಿಗೆ ಇಲ್ಲದ ಅಧಿಕಾರ ಕ್ಲಿಯರೆನ್ಸ್ ಫಾರ್ಮ್‌ಗೆ ಎಲ್ಲಿಂದ ಬಂತು?

ಕೆಲಸ ಬಿಡಬೇಕು ಅಂತ ಒದ್ದಾಡುತ್ತಿರುವವರೂ ಈ ಪತ್ರವನ್ನು ಓದುತ್ತಾರೆ ಅಂತ ಗೊತ್ತು, ಅವರಿಗೆ ಸ್ವಲ್ಪ. ವಾಟ್ಸಾಪ್‌ನಲ್ಲಿ ಬರುವ "ಎಲ್ಲ ಬಾಂಡೂ ಕಾನೂನುಬಾಹಿರ" ಅನ್ನುವ ಮಾತು ನಂಬಬೇಡಿ. ಬಾಂಡ್ ಅಂದರೆ ಇಷ್ಟು ವರ್ಷ ಬಿಡುವಂತಿಲ್ಲ, ಬಿಟ್ಟರೆ ಇಷ್ಟು ಹಣ ಕಟ್ಟಬೇಕು ಅನ್ನುವ ಕರಾರು. ಸರ್ಕಾರಿ ಬ್ಯಾಂಕೊಂದರ 3 ವರ್ಷ, 2 ಲಕ್ಷದ ಬಾಂಡನ್ನು ಸುಪ್ರೀಂ ಕೋರ್ಟ್ 2025ರ ಮೇಯಲ್ಲಿ ಎತ್ತಿಹಿಡಿದಿದೆ. ಆದರೆ ಬಿಟ್ಟ ಮೇಲೆ ಎದುರಾಳಿ ಕಂಪನಿ ಸೇರುವಂತಿಲ್ಲ ಅನ್ನುವ ಷರತ್ತು ಬೇರೆ. 1872ರ ಕರಾರು ಕಾಯಿದೆಯ 27ನೇ ಕಲಮಿನ ಮುಂದೆ ಅದು ಸಾಮಾನ್ಯವಾಗಿ ನಿಲ್ಲುವುದಿಲ್ಲ. 2022ರಲ್ಲಿ ಇಂಥ ಷರತ್ತಿನ ವಿರುದ್ಧ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿದ್ದು ಪುಣೆಯಲ್ಲೇ ಇರುವ ನೈಟ್ಸ್ ಅನ್ನುವ ಐಟಿ ನೌಕರರ ಸಂಘಟನೆ. ನಿಮ್ಮ ಆಫರ್ ಲೆಟರ್, ಸಂಬಳದ ಸ್ಲಿಪ್ಪು, ಅಪ್ರೈಸಲ್ ಕಾಗದ ಇವನ್ನು ಇವತ್ತೇ ನಿಮ್ಮ ಸ್ವಂತದ ಕಡೆ ಇಟ್ಟುಕೊಳ್ಳಿ, ಕ್ಲೈಂಟಿನ ಫೈಲು ಮಾತ್ರ ಒಂದೂ ಮುಟ್ಟಬೇಡಿ. ಮಾತು ಲೈಂಗಿಕ ಕಿರುಕುಳದ ಕಡೆ ತಿರುಗಿದ್ದರೆ, ಅಂಥ ದೂರು ವಿಚಾರಿಸುವ ಕಂಪನಿಯ ಆಂತರಿಕ ಸಮಿತಿಗೆ ದೂರು ಕೊಡಲು ಮೂರು ತಿಂಗಳ ಗಡುವಿದೆ, ಅದನ್ನು ಮರೆಯಬೇಡಿ.

ಆಯುಕ್ತರಿಗೆ ಮರಾಠಿಯಲ್ಲಿ ನಾನು ಕೇಳಿರುವುದು ಒಂದೇ ಸಾಲು. ಸಂಬಳಕ್ಕೆ ಎರಡು ದಿನದ ಗಡುವು ಹಾಕಿದ್ದೀರಿ, ಸೇವಾ ಪ್ರಮಾಣಪತ್ರಕ್ಕೂ ಅದೇ ಗಡುವು ಹಾಕಿಸಿ, ಹುದ್ದೆಯ ಹೆಸರು ನೋಡದೆ. ಆಗುತ್ತದೋ ಇಲ್ಲವೋ, ಆದರೂ ಯಾವಾಗಲೋ. ನಿಮ್ಮ ಚೆಕ್‌ಲಿಸ್ಟ್ ಮಾತ್ರ ಸೋಮವಾರ ಬೆಳಗ್ಗೆಯೇ ಬದಲಾಗಬಹುದು. ಬದಲಾಯಿಸಿದವರು ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಸಿಕ್ಕಾಗ ಹೇಳಿ. ನಾನು ಹೆಸರು ಹಾಕಿಲ್ಲ, ಆದರೆ ಇಷ್ಟೆಲ್ಲ ಓದಿದ ಮೇಲೆ ಗುರುತು ಹಿಡಿಯುವುದು ನಿಮಗೇನು ಕಷ್ಟವಲ್ಲ.

ಇಂತಿ,
ವಾಕಡ್‌ನಿಂದ ಒಬ್ಬ ಟೆಸ್ಟಿಂಗ್ ಇಂಜಿನಿಯರ್

ತಾ.ಕ.: ಇದೊಂದು ಬಿಟ್ಟುಹೋಗಿತ್ತು. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ. ಅಪ್ಪ ಅವ್ವನ ಹೆಸರೂ ಅದರಲ್ಲೇ ಇರುತ್ತದೆ. ಅದೇ ವಿಮಾ ಕಂಪನಿಯಲ್ಲಿ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ಅವಕಾಶ ಇದೆ, ಆದರೆ ಮುಗಿಯುವ ಮುಂಚೆಯೇ ಕೇಳಬೇಕು. ಹೊಸದಾಗಿ ಮಾಡಿಸಿದರೆ ಹಳೇ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಿಸಬಹುದು. ಬಿಡುವವರಿಗೆ ಕಳಿಸುವ ಮೇಲ್‌ನಲ್ಲಿ ಚಾರ್ಜರ್, ಹೆಡ್‌ಸೆಟ್, ಐಡಿ ಕಾರ್ಡ್ ಅಂತ ಉದ್ದ ಪಟ್ಟಿ ಹಾಕುತ್ತೀರಲ್ಲ, ಅದರ ಕೆಳಗೆ ಇದನ್ನೂ ಸೇರಿಸಿ.